ಮಕ್ಕಳ ತಲೆ ಓಡ್ಬೇಕು ಅಂದ್ರೆ ಕೋಚ್ ಬಾಯಿ ಸ್ವಲ್ಪ ಸುಮ್ನಿರ್ಲಿ

ಭಾನುವಾರ ಬೆಳಗ್ಗೆ ಮಕ್ಕಳು ಹಾಕಿ ಆಡೋ ಯಾವ ಊರಿನ ಗ್ರೌಂಡಿಗೆ ಬೇಕಾದ್ರೂ ಹೋಗಿ, "ಪಾಸ್ ಕೊಡೋ", "ರೈಟ್‌ಗೆ ಹಾಕೋ", "ಏ ಹೊಡಿ ಹೊಡಿ" ಅಂತ ಹೊರಗಿಂದ ಒಂದೇ ಸಮ ಕೂಗಾಟ. ಹತ್ತು ವರ್ಷದ ಮಗು ಬಾಲ್ ಸಿಕ್ಕಿದ ತಕ್ಷಣ ತಲೆ ಎತ್ತಿ ನೋಡೋದು ಆಟನಲ್ಲ, ಕೋಚ್ ಮುಖನ. ಆಮೇಲೆ ನಾವೇ ಹೇಳ್ತೀವಿ, ಹುಡುಗ್ರಿಗೆ ಸ್ವಂತ ಯೋಚನೆನೇ ಇಲ್ಲ ಅಂತ.

ಆಟದಲ್ಲಿ ಸ್ವಂತ ಯೋಚನೆ, ಕ್ರಿಯೇಟಿವಿಟಿ ಅಂದ್ರೆ ಟ್ರಿಕ್ ಮಾಡಿ ಚಪ್ಪಾಳೆ ಗಿಟ್ಟಿಸೋದಲ್ಲ, ಎಲ್ರೂ ಬಲಕ್ಕೆ ನೋಡ್ತಿರೋವಾಗ ಎಡಗಡೆ ಒಬ್ಳು ಖಾಲಿ ನಿಂತಿದಾಳೆ ಅನ್ನೋದು ಕಣ್ಣಿಗೆ ಬೀಳೋದು. ಜರ್ಮನಿಯ ಡೇನಿಯಲ್ ಮೆಮರ್ಟ್ ಅನ್ನೋ ಸಂಶೋಧಕರು ಹ್ಯಾಂಡ್‌ಬಾಲ್ ಆಡೋ ಹುಡುಗರ ಮೇಲೆ ಇದನ್ನ ಪರೀಕ್ಷೆ ಮಾಡಿದ್ರು. ನಿನ್ನ ಎದುರಿರೋ ಡಿಫೆಂಡರ್‌ನ ಮಾತ್ರ ಗಮನಿಸು ಅಂತ ಸೂಚನೆ ಕೊಟ್ರೆ, ಖಾಲಿ ನಿಂತ ಟೀಮ್‌ಮೇಟ್ ಕಣ್ಣೆದುರೇ ಇದ್ರೂ ತುಂಬಾ ಜನಕ್ಕೆ ಕಾಣ್ಲೇ ಇಲ್ಲ. ನಮ್ಮ ಕೂಗಾಟ ಮಾಡೋದೂ ಅದನ್ನೇ.

ಮೊದಲ್ನೇ ಕೆಲ್ಸ ಗ್ರೌಂಡ್ ಚಿಕ್ಕದು ಮಾಡಿ. ಹಾಕಿಯ ಫುಲ್ ಫೀಲ್ಡ್ 91.40 ಮೀಟರ್ ಉದ್ದ, 55 ಮೀಟರ್ ಅಗಲ, ಅದ್ರಲ್ಲಿ 22 ಮಕ್ಕಳನ್ನ ಬಿಟ್ರೆ ಅರ್ಧ ಜನಕ್ಕೆ ಬಾಲೇ ಸಿಗಲ್ಲ. ಕೋನ್ ಇಟ್ಟು 25ಕ್ಕೆ 20 ಮೀಟರ್ ಜಾಗ ಮಾಡಿ, ನಾಕ್ ನಾಕ್ ಜನ ಆಡ್ಲಿ, ಕೋನ್ ಇಲ್ದಿದ್ರೆ ಚಪ್ಪಲಿ ಸಾಕು. 1930ರಲ್ಲಿ ಉರುಗ್ವೆಯಲ್ಲಿ ಹುಟ್ಟಿದ ಫುಟ್ಸಾಲ್ ಅನ್ನೋ ಒಳಾಂಗಣ ಫುಟ್ಬಾಲ್ ಕೂಡ ಹೀಗೇ, ಚಿಕ್ಕ ಕೋರ್ಟು, ಸೈಡಿಗೆ ಐದೇ ಜನ, ಜಾಸ್ತಿ ಪುಟಿಯದ ಬಾಲು. ಪೆಲೆ, ರೊನಾಲ್ಡಿನೊ, ನೇಮಾರ್ ಎಲ್ರೂ ಚಿಕ್ಕೋರಿದ್ದಾಗ ಅದನ್ನ ಆಡ್ದೋರೇ.

ಆಮೇಲೆ ರೂಲ್ ಬದಲಾಯ್ಸಿ, ಇಲ್ಲೇ ನಿಜವಾದ ಮಜಾ ಇರೋದು. ಪ್ರತಿ ಟೀಮಿಗೆ ಒಂದ್ರ ಬದ್ಲು ಎರಡು ಪುಟ್ಟ ಗೋಲು ಕೊಡಿ, ಎರಡು ಮೂಲೇಲಿ ಒಂದೊಂದು. ಐದು ನಿಮಿಷ ಸುಮ್ನೆ ನಿಂತು ನೋಡಿ. ಬಾಲ್ ಇರೋ ಹುಡುಗಿ ಬಲಗಡೆ ಗೋಲಿಗೆ ನುಗ್ತಾಳೆ, ಮೂರೂ ಡಿಫೆಂಡರ್ ಅಲ್ಲಿಗೇ ಓಡ್ತಾರೆ, ಅವ್ಳು ಸ್ಟಿಕ್ ಹಾಗೇ ತಡೆದು ಒಂದ್ ಕ್ಷಣ ನಿಂತು, ಸ್ಟಿಕ್ ಉಲ್ಟಾ ತಿರುಗ್ಸಿ ರಿವರ್ಸ್‌ನಲ್ಲಿ ಬಾಲ್ ಎಳ್ಕೊಂಡು ಎಡಗಡೆ ತಳ್ತಾಳೆ. ಯಾರೂ ಹೇಳ್ಕೊಟ್ಟಿಲ್ಲ ಅದನ್ನ, ಆ ಎರಡ್ನೇ ಗೋಲು ಹೇಳ್ಕೊಡ್ತು. ಇನ್ನೊಂದ್ಸಲ ನಾಕ್ ಜನಕ್ಕೆ ಮೂರೇ ಜನ ಹಾಕಿ, ಇಲ್ಲಾ ಎರಡು ಬಾಲ್ ಬಿಡಿ.

ಆಟ ನಡೀತಿರೋವಾಗ ಬಾಯಿ ಮುಚ್ಕೊಂಡಿರೋದೇ ಕಷ್ಟದ ಕೆಲ್ಸ, ಗೊತ್ತು. ಆದ್ರೂ ಮಾಡಿ. ನೀರು ಕುಡಿಯೋಕೆ ಬಂದಾಗ "ಅಲ್ಲಿ ನಿಂಗೇನ್ ಕಾಣ್ತು?" ಅಂತ ಕೇಳಿ, ಉತ್ತರ ತಪ್ಪಿದ್ರೂ ಪೂರ್ತಿ ಕೇಳಿಸ್ಕೊಳ್ಳಿ. ಡ್ರಿಬಲ್ ಮಾಡಕ್ಕೋಗಿ ಬಾಲ್ ಕಳ್ಕೊಂಡ ಅಂತ ಬೆಂಚಲ್ಲಿ ಕೂರ್ಸಿದ್ರೆ ಆ ಹುಡುಗ ಮುಂದಿನ ಮ್ಯಾಚಲ್ಲಿ ಏನೂ ಟ್ರೈ ಮಾಡಲ್ಲ. ಇದನ್ನ ಅಪ್ಪ ಅಮ್ಮಂದಿರಿಗೂ ಮೊದ್ಲೇ ಹೇಳ್ಬಿಡಿ, ಸೈಡ್‌ಲೈನಲ್ಲಿ ಜಾಸ್ತಿ ಕೂಗೋದು ಅವ್ರೇ.

ಪೊಸಿಷನ್ ಫಿಕ್ಸ್ ಮಾಡೋ ಆತುರ ಬೇಡ, ಇವತ್ತು ಫುಲ್‌ಬ್ಯಾಕ್ ಆದವನು ನಾಳೆ ಫಾರ್ವರ್ಡ್ ಆಡ್ಲಿ. ವಾರಕ್ಕೊಂದಿನ ಸ್ಟಿಕ್ ಪಕ್ಕಕ್ಕಿಟ್ಟು ಲಗೋರಿ ಆಡ್ಸಿ. ಕಲ್ಲು ಜೋಡಿಸ್ಬೇಕು, ಚೆಂಡಿನ ಏಟಿಂದ ತಪ್ಪಿಸ್ಕೋಬೇಕು, ಯಾರು ಕವರ್ ಕೊಡ್ತಾರೆ ಅಂತ ಕಣ್ಣಲ್ಲೇ ಮಾತಾಡ್ಕೋಬೇಕು, ಟೀಮ್ ಗೇಮಿಗೆ ಬೇಕಾದ್ದೆಲ್ಲ ಅದ್ರಲ್ಲಿದೆ.

ಹಾಗಂತ ಬಾಲ್ ತಡೆಯೋ ಸ್ಟಾಪಿಂಗ್, ಸ್ಟಿಕ್ಕಿಂದ ತಳ್ಳೋ ಪುಶ್ ಇವೆಲ್ಲ ಬಿಡಿ ಅಂತಲ್ಲ, ಬಾಲ್ ಕಂಟ್ರೋಲ್ ಇಲ್ದೆ ತಲೆ ಎತ್ತೋಕೇ ಆಗಲ್ಲ. ಒಂದ್ ಗಂಟೆ ಪ್ರಾಕ್ಟೀಸ್ ಇದ್ರೆ ಡ್ರಿಲ್‌ಗೆ 20 ನಿಮಿಷ ಇಡಿ, ಉಳಿದಿದ್ದೆಲ್ಲ ಆಟ, ಕೊನೇ 10 ನಿಮಿಷ ರೂಲ್ ಮಾಡೋದೂ ಮಕ್ಕಳಿಗೇ ಬಿಟ್ಬಿಡಿ.