ಏನು ತಿನ್ನಬೇಕು ಎಂದು ಹಸಿವಿಗೆ ಮುಂಚೆಯೇ ತೀರ್ಮಾನಿಸಿ

ತರಕಾರಿ ಒಳ್ಳೆಯದು, ಸಕ್ಕರೆ ಜಾಸ್ತಿ ಆದರೆ ಕೆಟ್ಟದ್ದು. ಇಷ್ಟು ಎಲ್ಲರಿಗೂ ಗೊತ್ತು, ಅಲ್ವಾ? ಆದರೂ ಸೋಮವಾರ ಶುರುವಾದ ಪಥ್ಯ ಗುರುವಾರಕ್ಕೆಲ್ಲ ಮುಗಿದಿರುತ್ತದೆ. ಆಮೇಲೆ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಬಾಯಿ ಚಪಲ, ಆರಂಭಶೂರತ್ವ, ಮನಸ್ಸು ಗಟ್ಟಿಯಿಲ್ಲ ಇತ್ಯಾದಿ.

ಈ ಬೈಗುಳದಲ್ಲಿ ಅರ್ಧದಷ್ಟು ಅನ್ಯಾಯ. ದಣಿದು, ಹಸಿದು ನಿಂತಾಗ ಯಾರ ಮನಸ್ಸೂ ಗಟ್ಟಿ ಇರುವುದಿಲ್ಲ. ಆಗ ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ, ಅಷ್ಟೆ. ಹಾಗಾಗಿ ಕೈಗೆ ಏನು ಸಿಗಬೇಕು ಅನ್ನುವುದನ್ನು ಹೊಟ್ಟೆ ತುಂಬಿರುವಾಗಲೇ ಗೊತ್ತು ಮಾಡಿಟ್ಟುಕೊಳ್ಳಬೇಕು.

ಮೊದಲು ಮೂರು ದಿನ ಸುಮ್ನೆ ಬರೆಯಿರಿ

ಏನನ್ನೂ ಬದಲಿಸಬೇಡಿ. ತಿಂದದ್ದನ್ನು ಬರೆದಿಡಿ. ಮೂರರಲ್ಲಿ ಒಂದು ರಜೆಯ ದಿನ ಇರಲಿ, ಯಾಕೆಂದರೆ ರಜೆಯ ದಿನದ ತಿನ್ನುವಿಕೆಯೇ ಬೇರೆ. ಏನು, ಎಷ್ಟು ಅನ್ನುವುದರ ಜೊತೆಗೆ ಎಷ್ಟು ಹೊತ್ತಿಗೆ, ಯಾರ ಜೊತೆ, ಯಾಕೆ ಎಂದೂ ಸೇರಿಸಿ. ‘ಸಂಜೆ 5 ಗಂಟೆ. ಕೆಲಸದ ಮೇಜು. ಬಿಸ್ಕತ್ತು ಆರು. ಹಸಿವಿರಲಿಲ್ಲ, ಪೊಟ್ಟಣ ಎದುರಿಗೇ ತೆರೆದಿತ್ತು.’ ಇಂಥ ಒಂದು ಸಾಲು ಕ್ಯಾಲೊರಿ ಲೆಕ್ಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಸ್ಟೆಪ್ಟೋ ಮತ್ತು ಸಂಗಡಿಗರು 1995ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಜನ ತಿನಿಸನ್ನು ಆರಿಸುವುದರ ಹಿಂದಿನ ಕಾರಣಗಳನ್ನು ಅದರಲ್ಲಿ ಒಂಬತ್ತು ಗುಂಪು ಮಾಡಿದ್ದರು: ಆರೋಗ್ಯ, ಮೂಡ್, ಅನುಕೂಲ, ರುಚಿ, ಪದಾರ್ಥದ ಸಹಜತೆ, ಬೆಲೆ, ತೂಕದ ಚಿಂತೆ, ಪರಿಚಿತ ಎನ್ನುವ ಭಾವ, ನೈತಿಕ ಕಾಳಜಿ. ಆರೋಗ್ಯ ಒಂಬತ್ತರಲ್ಲಿ ಒಂದು, ಅಷ್ಟೆ. ನಿಮ್ಮ ಮೂರು ದಿನದ ಪಟ್ಟಿಯ ಪ್ರತಿ ಸಾಲಿನ ಮುಂದೆ ಇವುಗಳಲ್ಲಿ ಯಾವುದು ಹೊಂದುತ್ತದೋ ಅದನ್ನು ಬರೆಯಿರಿ. ಅನುಕೂಲವೇ ಜಾಸ್ತಿ ಬಂದರೆ ನಿಮಗೆ ಬೇಕಿರುವುದು ಉಪದೇಶ ಅಲ್ಲ, ಮೊದಲೇ ಹೆಚ್ಚಿಟ್ಟ ತರಕಾರಿ. ಬೇಜಾರು, ಒತ್ತಡ ಬಂದರೆ ತಟ್ಟೆಯನ್ನು ಬದಲಿಸಿ ಪ್ರಯೋಜನವಿಲ್ಲ, ಆ ಹೊತ್ತಿಗೆ ಬೇರೆ ಕೆಲಸ ಹುಡುಕಬೇಕು. ಬೆಲೆ ಬಂದರೆ ಆಯಾ ಕಾಲದ ತರಕಾರಿ, ಒಣ ಬೇಳೆಕಾಳು, ಶೈತ್ಯೀಕರಿಸಿದ ತರಕಾರಿ ನೋಡಿ. ಹೆಪ್ಪುಗಟ್ಟಿಸಿದ ತರಕಾರಿಯಲ್ಲಿ ಸತ್ವವೇ ಇಲ್ಲ ಅನ್ನುವ ಮಾತು ನಿಜವಲ್ಲ.

ಅಂದ ಹಾಗೆ, ‘ಇಷ್ಟೇ, ತುಂಬಾ ಸುಲಭ’ ಎನ್ನುವ ಆಹಾರ ಸಲಹೆ ಕೊಡುವವರ ಬಳಿ ಸಾಮಾನ್ಯವಾಗಿ ಹಣವೂ ಇರುತ್ತದೆ, ಸಮಯವೂ ಇರುತ್ತದೆ. ಎರಡು ಪಾಳಿ ದುಡಿಯುವವರಿಗೆ ಅದು ಅಷ್ಟು ಸುಲಭ ಅಲ್ಲ.

ಒಂದನ್ನೇ ಆರಿಸಿ, ಷರತ್ತು ಹಾಕಿ

‘ಇನ್ನು ಮೇಲೆ ಚೆನ್ನಾಗಿ ತಿನ್ನುತ್ತೇನೆ’ ಅನ್ನುವುದು ಆಸೆ. ಅದು ಯೋಜನೆ ಆಗಬೇಕಾದರೆ ಹೊತ್ತು, ಜಾಗ ಎರಡೂ ಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರ ಲೇಖನದಲ್ಲಿ ಇದನ್ನು ‘ಹೀಗಾದರೆ ಹೀಗೆ ಮಾಡುತ್ತೇನೆ’ ಎನ್ನುವ ರೂಪದಲ್ಲಿ ವಿವರಿಸಿದ್ದಾರೆ. ನಮ್ಮ ಬಿಸ್ಕತ್ತಿನ ಸಾಲಿಗೆ ಹಾಕಿ ನೋಡಿ: ‘ಸಂಜೆ 5ಕ್ಕೆ ಬಾಯಾಡಿಸಬೇಕು ಅನ್ನಿಸಿದರೆ ಚೀಲದಲ್ಲಿರುವ ಹಣ್ಣು ತಿನ್ನುತ್ತೇನೆ.’ ಹಣ್ಣು ಚೀಲದಲ್ಲಿ ಇರಬೇಕಾದರೆ ಬೆಳಿಗ್ಗೆಯೇ ಇಡಬೇಕು. ಅಂದರೆ ಸಂಜೆಯ ಆಯ್ಕೆ ಬೆಳಿಗ್ಗೆಯೇ ಮುಗಿದಿರುತ್ತದೆ.

ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಗುರಿ ಬೇಕೆಂದರೆ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮೂರು ಅಂಕಿ ಸಾಕು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ (ಆಲೂಗಡ್ಡೆ ಲೆಕ್ಕಕ್ಕಿಲ್ಲ). ಉಪ್ಪು 5 ಗ್ರಾಂಗಿಂತ ಕಡಿಮೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ, 2,000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 50 ಗ್ರಾಂ. ಜೇನುತುಪ್ಪ, ಹಣ್ಣಿನ ರಸ ಕೂಡ ಈ 50 ಗ್ರಾಂನಲ್ಲೇ ಬರುತ್ತವೆ. ಇದನ್ನು ಕೇಳಿ ಬಹಳ ಜನ ಮುಖ ಸಿಂಡರಿಸುತ್ತಾರೆ.

ಪೊಟ್ಟಣವನ್ನು ತಿರುಗಿಸಿ ಓದಿ

ಮನೆಯೊಳಗೆ ಬಂದದ್ದು ಹೊಟ್ಟೆಯೊಳಗೆ ಹೋಗಿಯೇ ಹೋಗುತ್ತದೆ. ಹಾಗಾಗಿ ಪಟ್ಟಿ ಬರೆದುಕೊಂಡು, ಊಟ ಮಾಡಿ, ಆಮೇಲೆ ಸಾಮಾನು ತರಲು ಹೊರಡಿ. ಪೊಟ್ಟಣದ ಮುಂಭಾಗ ಜಾಹೀರಾತು, ವಿಷಯ ಇರುವುದು ಹಿಂಭಾಗದಲ್ಲಿ. ‘ಒಂದು ಸರ್ವಿಂಗ್‌ಗೆ’ ಎಂಬ ಕಾಲಂ ನಂಬಬೇಡಿ, ಅವರ ಸರ್ವಿಂಗ್ ನಾವು ತಿನ್ನುವುದರ ಅರ್ಧವೂ ಇರಲಿಕ್ಕಿಲ್ಲ. 100 ಗ್ರಾಂ ಕಾಲಂ ಇದ್ದರೆ ಅದನ್ನು ನೋಡಿ. ಉಪ್ಪಿನ ಬದಲು ಸೋಡಿಯಂ ಎಂದು ಬರೆದಿದ್ದರೆ 2.5ರಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. 100 ಗ್ರಾಂ ಕುರುಕಲಿನಲ್ಲಿ ಇಷ್ಟಿದ್ದರೆ, ಅಷ್ಟನ್ನೂ ತಿಂದವರ ದಿನದ ಮಿತಿಯಲ್ಲಿ ಶೇ 40 ಮುಗಿಯಿತು.

ಕಾರ್ಖಾನೆಯಲ್ಲಿ ವಿಪರೀತ ಸಂಸ್ಕರಿಸಿದ ತಿನಿಸಿನ ಬಗ್ಗೆ ಅಮೆರಿಕದ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಅಂಥ ತಿನಿಸು, ಎರಡು ವಾರ ಹೆಚ್ಚು ಸಂಸ್ಕರಿಸದ ಊಟ ಕೊಟ್ಟರು. ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಸಂಸ್ಕರಿಸಿದ್ದನ್ನು ತಿನ್ನುವಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕವೂ ಏರಿತು. ಜನರೇನೂ ಬದಲಾಗಿರಲಿಲ್ಲ, ಅದೇ 20 ಮಂದಿ. ಬದಲಾದದ್ದು ಮುಂದಿಟ್ಟ ತಿನಿಸು.

ನಿದ್ದೆ, ಜೊತೆಗಾರರು, ನಾಲಿಗೆ

ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ, ಸಿಹಿ ಮತ್ತು ಉಪ್ಪಿನ ತಿಂಡಿಯ ಕಡೆಗೇ ಮನಸ್ಸು ಎಳೆಯುತ್ತದೆ. ರಾತ್ರಿ ಎರಡರವರೆಗೆ ಫೋನ್ ನೋಡಿ ಮರುದಿನ ಪಥ್ಯ ಮಾಡುವುದು ಕಷ್ಟ.

ಪರಿಚಿತರ ಜೊತೆ ಕೂತರೆ ಒಬ್ಬರೇ ಇದ್ದಾಗಿನದಕ್ಕಿಂತ ಹೆಚ್ಚು ತಿನ್ನುತ್ತೇವೆ. ಹಾಗಂತ ಸ್ನೇಹಿತರನ್ನು ಬಿಡಲಾಗುತ್ತದೆಯೇ? ಮನೆಯವರಿಗೆ ನಿಮ್ಮ ಒಂದು ಬದಲಾವಣೆಯನ್ನು ಮೊದಲೇ ಹೇಳಿ. ಅಡುಗೆ ಮಾಡುವವರು ಬೇರೆಯವರಾದರೆ ಅವರನ್ನು ಕೇಳಿಯೇ ತೀರ್ಮಾನಿಸಿ. ಒಬ್ಬರ ಪಥ್ಯ ಇನ್ನೊಬ್ಬರಿಗೆ ಎರಡು ಅಡುಗೆಯ ಕೆಲಸ ಆದರೆ ಅದು ಹೆಚ್ಚು ದಿನ ನಡೆಯುವುದಿಲ್ಲ.

ನಾಲಿಗೆ ಹೊಂದಿಕೊಳ್ಳುತ್ತದೆ, ಆದರೆ ನಿಧಾನವಾಗಿ. ಉಪ್ಪು ಕಡಿಮೆ ಮಾಡಿದ ಮೊದಲ ವಾರಗಳಲ್ಲಿ ಎಲ್ಲವೂ ಸಪ್ಪೆ. ಎರಡು ಮೂರು ತಿಂಗಳಲ್ಲಿ ಹಳೆಯ ಪ್ರಮಾಣವೇ ಜಾಸ್ತಿ ಅನ್ನಿಸತೊಡಗುತ್ತದೆ. ಹಾಗಾಗಿ ಒಮ್ಮೆಗೇ ನಿಲ್ಲಿಸದೆ ಸ್ವಲ್ಪ ಸ್ವಲ್ಪ ಇಳಿಸಿ.

ತಪ್ಪಿದ ದಿನಕ್ಕೂ ಯೋಜನೆ ಇರಲಿ

ಹೊಸ ಅಭ್ಯಾಸಕ್ಕೆ 21 ದಿನ ಸಾಕು ಅನ್ನುವ ಮಾತನ್ನು ಮರೆತುಬಿಡಿ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ, ಒಂದು ಕೆಲಸ ತಾನಾಗಿಯೇ ನಡೆಯುವಂತಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನ ಎಂಬ ಅಂದಾಜು. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ನಷ್ಟ ಆಗುವುದು ‘ಹೇಗೂ ಕೆಟ್ಟಿತು, ಇವತ್ತು ಪೂರ್ತಿ ತಿಂದುಬಿಡೋಣ, ಸೋಮವಾರ ನೋಡೋಣ’ ಎಂದಾಗ. ಸೋಮವಾರದವರೆಗೆ ಕಾಯಬೇಡಿ, ಮುಂದಿನ ಊಟಕ್ಕೇ ಮರಳಿ.

ಎರಡು ತಿಂಗಳಾದರೂ ಸ್ವಲ್ಪವೂ ಸುಲಭವಾಗದೆ ಎಳೆದಾಡಿಕೊಂಡೇ ಮಾಡುತ್ತಿದ್ದರೆ ಆ ಬದಲಾವಣೆಯನ್ನು ಬಿಟ್ಟು ಬೇರೆಯದನ್ನು ಆರಿಸಿ. 2005ರಲ್ಲಿ ಅಮೆರಿಕದಲ್ಲಿ 160 ಜನರಿಗೆ ನಾಲ್ಕು ಹೆಸರಾಂತ ಪಥ್ಯಗಳನ್ನು ಹಂಚಿ ಒಂದು ವರ್ಷ ನೋಡಿದ್ದರು. ತೂಕ ಇಳಿದದ್ದು ಯಾವ ಪಥ್ಯ ಅನ್ನುವುದಕ್ಕಿಂತ ಎಷ್ಟು ಪಾಲಿಸಿದರು ಅನ್ನುವುದರ ಮೇಲೆ ನಿಂತಿತ್ತು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಿ. ಊಟ ಕಡಿಮೆಯಾಗಿ ಔಷಧಿ ಅಷ್ಟೇ ಇದ್ದರೆ ರಕ್ತದ ಸಕ್ಕರೆ ದಿಢೀರ್ ಕುಸಿಯಬಹುದು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ, ಮೂತ್ರಪಿಂಡ ಸರಿಯಿಲ್ಲದವರಿಗೆ ಅದು ಅಪಾಯ.