ಪಟ್ಟಿ ಬದಿಗಿಡಿ, ಒಬ್ಬರ ಬೆನ್ನು ಹತ್ತಿ: ಹಳೆಯ ಹಿಂದಿ, ಬಂಗಾಳಿ ಸಿನಿಮಾ ನೋಡುವ ಬಗೆ

"ಹಳೆಯ ಹಿಂದಿ ಸಿನಿಮಾ ನೋಡ್ಬೇಕು, ಬಂಗಾಳಿನೂ ನೋಡ್ಬೇಕು, ಎಲ್ಲಿಂದ ಶುರು ಮಾಡ್ಲಿ?" ಅಂತ ಇಲ್ಲಿ ಬೆಳಗಾವಿಯ ಗೆಳೆಯರು ಆಗಾಗ ಕೇಳುತ್ತಾರೆ. ಕೇಳುವ ಹೊತ್ತಿಗೆ ಅವರ ಮೊಬೈಲ್‌ನಲ್ಲಿ ನೋಡಲೇಬೇಕಾದ ನೂರು ಚಿತ್ರಗಳ ಒಂದು ಪಟ್ಟಿ ಆಗಲೇ ಬಂದು ಕೂತಿರುತ್ತದೆ. ಮೊದಲು ಅದನ್ನು ಅಳಿಸಿ. ಪಟ್ಟಿ ಹಿಡಿದು ನೋಡಿದವರು ಮೂರನೇ ಸಿನಿಮಾಕ್ಕೆ ನಿದ್ದೆ ಹೋಗುತ್ತಾರೆ, ನಾಲ್ಕನೇದು 'ಮುಂದಿನ ವಾರ'ಕ್ಕೆ ಹೋಗುತ್ತದೆ, ಆ ವಾರ ಬರೋದೇ ಇಲ್ಲ.

ನಾನು ಹೇಳುವ ದಾರಿ ಬೇರೆ. ಒಂದು ಸಿನಿಮಾ ನೋಡಿ. ಅದರಲ್ಲಿ ನಿಮಗೆ ಏನು ಹಿಡಿಸಿತು ಅಂತ ನೋಡಿಕೊಳ್ಳಿ: ಹಾಡಾ, ಬೆಳಕಾ, ಕಥೆಯಾ, ಒಂದು ಮುಖವಾ? ಆ ಕೆಲಸ ಮಾಡಿದವರ ಹೆಸರನ್ನು ಟೈಟಲ್‌ನಲ್ಲಿ ಹುಡುಕಿ, ಆಮೇಲೆ ಅವರ ಬೆನ್ನು ಹತ್ತಿ. ಆ ಕಾಲದಲ್ಲಿ ಕಲ್ಕತ್ತಾದವರು ಬಾಂಬೆಗೆ ಬಂದರು, ಬಾಂಬೆಯವರು ಬಂಗಾಳಿ ಕಾದಂಬರಿ ತಂದು ಸಿನಿಮಾ ಮಾಡಿದರು. ಹಾಗಾಗಿ ಒಬ್ಬರ ಹಿಂದೆ ನಡೆದರೆ ಸಾಕು, ನೀವು ಯಾವಾಗ ಹಿಂದಿಯಿಂದ ಬಂಗಾಳಿಗೆ ದಾಟಿದಿರಿ ಅಂತ ಗೊತ್ತೇ ಆಗೋದಿಲ್ಲ.

ಶುರುವಿಗೆ ನನ್ನ ಆಯ್ಕೆ 'ದೋ ಬೀಘಾ ಜಮೀನ್' (1953). ಬಿಮಲ್ ರಾಯ್ ನಿರ್ದೇಶನ. ಸವದತ್ತಿ, ರಾಮದುರ್ಗದ ಕಡೆ ಹೊಲ ಇರುವ ಯಾರಿಗೂ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಬರ ಮುಗಿದು ಮಳೆ ಬರುತ್ತದೆ, ಊರೆಲ್ಲ ಕುಣಿಯುತ್ತದೆ, ಅದೇ ಹೊತ್ತಿಗೆ ಜಮೀನ್ದಾರನಿಗೆ ಮಿಲ್ ಕಟ್ಟಲು ರೈತ ಶಂಭುವಿನ ಎರಡು ಬೀಘಾ ನೆಲ ಬೇಕಾಗುತ್ತದೆ. ಜಮೀನ್ದಾರನ ಸಾಲ ತೀರಿಸಿ ಆ ನೆಲ ಉಳಿಸಿಕೊಳ್ಳಲು ಶಂಭು ಕಲ್ಕತ್ತಾಕ್ಕೆ ಹೋಗಿ ಕೈಗಾಡಿ ರಿಕ್ಷಾ ಎಳೆಯುತ್ತಾನೆ. ಬಲರಾಜ್ ಸಾಹ್ನಿ ಈ ಪಾತ್ರಕ್ಕಾಗಿ ನಿಜವಾಗಿಯೂ ಕಲ್ಕತ್ತಾದ ಬೀದಿಯಲ್ಲಿ ರಿಕ್ಷಾ ಎಳೆದು ಕಲಿತರು. ಜಾಸ್ತಿ ದುಡ್ಡಿನ ಆಸೆ ತೋರಿಸಿ ಅವನನ್ನು ಓಡಿಸುವ ದೃಶ್ಯ ಇದೆಯಲ್ಲ, ಅಲ್ಲಿ ಅವರ ಕಾಲು ನೋಡಿ, ಮುಖ ಆಮೇಲೆ ನೋಡಿದರೂ ನಡೆಯುತ್ತದೆ.

ಈಗ ದಾರಿ ಒಡೆಯುತ್ತದೆ. ಇದರ ಸಂಗೀತ ಸಲಿಲ್ ಚೌಧರಿಯವರದು, ಮೂಲ ಕಥೆಯೂ ಅವರದೇ. ಎಡಿಟರ್ ಹೃಷಿಕೇಶ್ ಮುಖರ್ಜಿ. ಸಲಿಲ್ ಹಿಂದೆ ಹೋದರೆ 'ಮಧುಮತಿ' (1958) ಸಿಗುತ್ತದೆ, ಅದೂ ಬಿಮಲ್ ರಾಯ್ ಅವರದೇ, ಹಾಡುಗಳೆಲ್ಲ ನಿಮಗೆ ಗೊತ್ತಿರುವಂಥವೇ. ಅದರ ಕಥೆ ಬರೆದವರು ಯಾರು ಅಂತ ನೋಡಿ: ಋತ್ವಿಕ್ ಘಟಕ್. ಪುನರ್ಜನ್ಮ, ದೆವ್ವ, ಜಮೀನ್ದಾರ ಅಂತೆಲ್ಲ ಇರುವ ಜನಪ್ರಿಯ ಸಿನಿಮಾದ ಕಥೆಗಾರ ಅದೇ ವರ್ಷ ಬಂಗಾಳಿಯಲ್ಲಿ 'ಅಜಾಂತ್ರಿಕ್' ಅಂತ ಒಬ್ಬ ಡ್ರೈವರ್ ಮತ್ತು ಅವನ ಲಡಕಾಸಿ ಟ್ಯಾಕ್ಸಿಯ ಸಿನಿಮಾ ಮಾಡಿದರು. ಎರಡನ್ನೂ ಒಂದೇ ವಾರದಲ್ಲಿ ನೋಡಿ. ಒಬ್ಬನೇ ಮನುಷ್ಯ ಎರಡು ಕಡೆ ಹೇಗೆ ಯೋಚಿಸುತ್ತಾನೆ ಅನ್ನೋದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ಕಾಣುತ್ತದೆ.

ಇನ್ನೊಂದು ದಾರಿ ನಮ್ಮ ರಾಜ್ಯದಿಂದಲೇ ಹೊರಡುತ್ತದೆ. ಗುರು ದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಅವರ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಮೈಸೂರಿನವರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 'ಪ್ಯಾಸಾ' (1957) ಮೊದಲು ನೋಡಿ, 'ಕಾಗಜ್ ಕೇ ಫೂಲ್' (1959) ಆಮೇಲೆ. ತುಂಬಾ ಜನ ಇದನ್ನು ಉಲ್ಟಾ ಮಾಡಿ ಬೇಜಾರಾಗುತ್ತಾರೆ. 'ಕಾಗಜ್ ಕೇ ಫೂಲ್' ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ, ಬಿಡುಗಡೆಯಾದಾಗ ಓಡಲಿಲ್ಲ, ಅದರ ನಂತರ ಗುರು ದತ್ ನಿರ್ದೇಶಕ ಅಂತ ತಮ್ಮ ಹೆಸರು ಹಾಕಿಕೊಳ್ಳಲೂ ಇಲ್ಲ. ಸ್ಟುಡಿಯೋ ಒಳಗೆ ಮೇಲಿಂದ ಇಳಿಯುವ ಆ ಬೆಳಕಿನ ಕೋಲು ಹೇಗೆ ಬಂತು ಗೊತ್ತಾ? ಮೂರ್ತಿಯವರು ದೊಡ್ಡ ಕನ್ನಡಿ ಹಿಡಿಸಿ ಹೊರಗಿನ ಬಿಸಿಲನ್ನೇ ಒಳಗೆ ತಂದರು. ಅವರ ಹಿಂದೆಯೇ ಮುಂದೆ ಹೋದರೆ 'ಸಾಹಿಬ್ ಬೀಬಿ ಔರ್ ಗುಲಾಮ್' (1962), ಬಿಮಲ್ ಮಿತ್ರರ ಬಂಗಾಳಿ ಕಾದಂಬರಿ. ಮುಳುಗುತ್ತಿರುವ ಜಮೀನ್ದಾರರ ಆ ಮನೆ ನೋಡಿದ ಮೇಲೆ ಸತ್ಯಜಿತ್ ರಾಯ್ ಅವರ 'ಜಲಸಾಘರ್' (1958) ಹಾಕಿ. ಕಥೆಯ ಲೋಕ ಗೊತ್ತಿರೋದರಿಂದ ಭಾಷೆ ಅಷ್ಟು ಅಡ್ಡ ಬರೋದಿಲ್ಲ. ಇದರಲ್ಲಿ ಬೇಗಂ ಅಖ್ತರ್ ಹಾಡುತ್ತಾರೆ, ಸಂಗೀತ ವಿಲಾಯತ್ ಖಾನರದು. ನಮ್ಮಲ್ಲಿ ರಾತ್ರಿಯಿಡೀ ಬೈಠಕ್ ಕೇಳಿ ಬೆಳೆದವರಿಗೆ ಇದು ಖಂಡಿತ ಹಿಡಿಸುತ್ತದೆ.

ಬಾಗಲಕೋಟೆ, ವಿಜಯಪುರದವರಿಗೆ ಇನ್ನೂ ಹತ್ತಿರದ ದಾರಿ ಇದೆ. ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ. ವಿಜಯಪುರದ ಅಮೀರ್ ಟಾಕೀಸ್ ಅಂದರೆ ಇವರ ಹೆಸರಿನದೇ. 'ಕಿಸ್ಮತ್' (1943) ಹಾಕಿ ಅವರ ಧ್ವನಿ ಕೇಳಿ. ಸಂಗೀತ ಅನಿಲ್ ಬಿಸ್ವಾಸ್, ನಿರ್ದೇಶನ ಗ್ಯಾನ್ ಮುಖರ್ಜಿ, ನಾಯಕ ಅಶೋಕ್ ಕುಮಾರ್, ಮೂವರೂ ಬಂಗಾಳಿಗಳು. ಸಿನಿಮಾ ಕಲ್ಕತ್ತಾದ ಒಂದೇ ಥಿಯೇಟರ್‌ನಲ್ಲಿ ಮೂರು ವರ್ಷದ ಮೇಲೆ ಓಡಿತು. ಬೀಳಗಿಯ ದನಿಯನ್ನು ಅಷ್ಟು ವರ್ಷ ಕಲ್ಕತ್ತಾದ ಜನ ಕೇಳಿದರು ಅಂದ ಹಾಗಾಯ್ತು, ಅಲ್ವಾ? ಅಲ್ಲಿಂದ ಅಶೋಕ್ ಕುಮಾರ್ ಹಿಂದೆ ಹೋಗಿ, 'ಬಂದಿನಿ' (1963) ಸಿಗುತ್ತದೆ, ಮತ್ತೆ ಬಿಮಲ್ ರಾಯ್ ಮನೆಗೇ ಬಂದಿರಿ.

ಇನ್ನು ಬಂಗಾಳಿಯ ಭಯ. ಸಬ್‌ಟೈಟಲ್ ಓದುತ್ತಾ ಕೂತರೆ ಚಿತ್ರ ನೋಡೋದು ಯಾವಾಗ ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದಕ್ಕೇ ಮೊದಲ ಬಂಗಾಳಿ ದೃಶ್ಯವಾಗಿ 'ಚಾರುಲತಾ' (1964) ಸಿನಿಮಾದ ಆರಂಭ ಹಾಕಿ. ದೊಡ್ಡ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ಹೊಲಿಗೆ ಹಾಕುತ್ತಾಳೆ, ಪುಸ್ತಕ ತೆಗೆಯುತ್ತಾಳೆ, ದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಿ ಬೀದಿ ನೋಡುತ್ತಾಳೆ. ಗಂಡ ಪುಸ್ತಕ ಓದುತ್ತಾ ಪಕ್ಕದಲ್ಲೇ ಹಾದು ಹೋಗುತ್ತಾನೆ, ಅವಳು ಅವನನ್ನೂ ದುರ್ಬೀನಿನಲ್ಲೇ ನೋಡುತ್ತಾಳೆ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಷ್ಟು ನೋಡಿ ನಿಲ್ಲಿಸಿದರೂ ತಪ್ಪಿಲ್ಲ, ಆದರೆ ನೀವು ನಿಲ್ಲಿಸೋದಿಲ್ಲ.

ಮನೆಯಲ್ಲಿ ಅಮ್ಮ, ಅಜ್ಜಿ ಜೊತೆಗಿದ್ದರೆ ಇಂಗ್ಲಿಷ್ ಸಬ್‌ಟೈಟಲ್ ಕೆಲಸಕ್ಕೆ ಬರೋದಿಲ್ಲ. ಆಗ ಕಥೆಯನ್ನು ಮೊದಲೇ ಪೂರ್ತಿ ಹೇಳಿಬಿಡಿ, ಕೊನೆ ಸಮೇತ. 'ಸಸ್ಪೆನ್ಸ್ ಹೋಗುತ್ತೆ' ಅನ್ನೋ ಚಿಂತೆ ಬೇಡ. ಸಂಗ್ಯಾ ಸಾಯುತ್ತಾನೆ ಅಂತ ಬೈಲಹೊಂಗಲದ ಕಡೆ ಯಾರಿಗೆ ಗೊತ್ತಿಲ್ಲ? ಆದರೂ ಸಂಗ್ಯಾ ಬಾಳ್ಯಾ ಆಟ ಇಟ್ಟರೆ ಬೆಳಗಿನವರೆಗೆ ಕೂತು ನೋಡುತ್ತಾರೆ. ಕಥೆ ಗೊತ್ತಿದ್ದವರು ಮುಖ, ಮಾತಿನ ತಡವರಿಕೆ, ಹಾಡು ಎಲ್ಲ ಬಿಡುವಾಗಿ ನೋಡುತ್ತಾರೆ. 'ಪಥೇರ್ ಪಾಂಚಾಲಿ' (1955) ನೋಡುವಾಗ ಇಂದಿರ್ ಅಜ್ಜಿ ಬಂದಾಗಲೆಲ್ಲ ಮನೆಯ ಹಿರಿಯರು ಏನಾದರೂ ಒಂದು ಮಾತು ಸೇರಿಸುತ್ತಾರೆ. ಸೇರಿಸಲಿ ಬಿಡಿ.

ಟಿವಿ ಬಗ್ಗೆ ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ. ಈ ಸಿನಿಮಾಗಳಲ್ಲಿ ಬಹುಪಾಲು ಹೆಚ್ಚುಕಡಿಮೆ ಚೌಕದ ಆಕಾರದವು. ಎರಡೂ ಪಕ್ಕ ಕಪ್ಪು ಪಟ್ಟಿ ಬರಲೇಬೇಕು. ಪರದೆ ತುಂಬಲಿ ಅಂತ ಎಳೆದರೆ 'ಬಂದಿನಿ'ಯ ನೂತನ್, 'ಚಾರುಲತಾ'ದ ಮಾಧವಿ ಮುಖರ್ಜಿ ಎಲ್ಲ ಗುಂಡಗಾಗುತ್ತಾರೆ, ಝೂಮ್ ಮಾಡಿದರೆ ತಲೆ ಕತ್ತರಿಸಿ ಹೋಗುತ್ತದೆ. ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಮೂಲ ಅಳತೆ ಇಡಿ. 'ವಿವಿಡ್' ಮೋಡ್ ತೆಗೆದು ಸಿನಿಮಾ ಮೋಡ್ ಹಾಕಿ. ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಿ, ಇಲ್ಲದಿದ್ದರೆ 1955ರ ಸಿನಿಮಾ ಇವತ್ತಿನ ಧಾರಾವಾಹಿ ಥರ ಕಾಣುತ್ತದೆ. ಮಧ್ಯಾಹ್ನ ನೋಡೋದಾದರೆ ಕಿಟಕಿ ಪರದೆ ಎಳೆಯಿರಿ, ಕಪ್ಪು-ಬಿಳುಪಿನಲ್ಲಿ ಕತ್ತಲೆಯ ಭಾಗ ಬಿಸಿಲಿಗೆ ಪೂರ್ತಿ ಮಾಯವಾಗುತ್ತದೆ.

ಪ್ರಿಂಟ್ ಆರಿಸುವಾಗ ಹೊಸದಾಗಿ ರಿಪೇರಿ ಮಾಡಿದ್ದು ಇದೆಯಾ ನೋಡಿ. 'ಪಥೇರ್ ಪಾಂಚಾಲಿ'ಯಿಂದ ಶುರುವಾಗುವ, ಅಪು ಎಂಬ ಹುಡುಗನ ಕಥೆಯ ಸತ್ಯಜಿತ್ ರಾಯ್ ಅವರ ಮೂರು ಚಿತ್ರಗಳ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬ್ ಬೆಂಕಿಯಲ್ಲಿ ಸುಟ್ಟಿತ್ತು, ಉಳಿದದ್ದನ್ನು ಜೋಡಿಸಿ 2015ರಲ್ಲಿ ಹೊಸ ಪ್ರಿಂಟ್ ಬಂತು. ಮಸುಕಾದ ಪ್ರತಿ ನೋಡಿ 'ಬೋರ್' ಅಂದವರು ಇದನ್ನೊಮ್ಮೆ ನೋಡಬೇಕು. ಬಣ್ಣ ಹಚ್ಚಿದ ಆವೃತ್ತಿಗಳು ನನಗಂತೂ ಬೇಡ. 'ಮುಘಲ್-ಎ-ಆಜಮ್' (1960) ಮೂಲದಲ್ಲಿ ಬಹುಪಾಲು ಕಪ್ಪು-ಬಿಳುಪು, ಶೀಶ್ ಮಹಲ್ ಹಾಡಿಗೆ ಬಂದಾಗ ಬಣ್ಣ. 2004ರಲ್ಲಿ ಎಲ್ಲದಕ್ಕೂ ಬಣ್ಣ ಹಚ್ಚಿದರು, ಆ ಬೆರಗು ಅಲ್ಲಿಗೆ ಮುಗೀತು. ಯೂಟ್ಯೂಬ್‌ನಲ್ಲಾದರೆ ಹಕ್ಕು ಇರುವ ಕಂಪನಿಯ ಚಾನೆಲ್‌ನಲ್ಲೇ ನೋಡಿ, ಅವಧಿ ಹೋಲಿಸಿ. ಎರಡು ಗಂಟೆಯ ಸಿನಿಮಾ ಒಂದೂವರೆ ಗಂಟೆಗೆ ಮುಗಿದರೆ ಯಾರೋ ಕತ್ತರಿ ಆಡಿಸಿದ್ದಾರೆ ಅಂತಲೇ ಅರ್ಥ.

ಹಾಡು ಬಂತು ಅಂತ ಮುಂದೆ ಓಡಿಸಬೇಡಿ. 'ಪ್ಯಾಸಾ'ದಲ್ಲಿ ಹಾಡು ತೆಗೆದರೆ ಕಥೆಯೇ ಉಳಿಯೋದಿಲ್ಲ.

ಘಟಕ್ ಅವರ 'ಮೇಘೇ ಢಾಕಾ ತಾರಾ' (1960) ಸ್ವಲ್ಪ ಪಳಗಿದ ಮೇಲೆ ನೋಡಿ. ದೇಶ ಇಬ್ಭಾಗವಾಗಿ ಬಂದ ಒಂದು ಕುಟುಂಬ, ಎಲ್ಲರನ್ನೂ ಸಾಕುವ ಹಿರಿಮಗಳು ನೀತಾ, ಅವಳನ್ನೇ ತಿಂದು ಬದುಕುವ ಮನೆ. ಇದನ್ನು ಮೊಬೈಲ್ ಸ್ಪೀಕರ್‌ನಲ್ಲಿ ನೋಡಲೇಬೇಡಿ, ಹೆಡ್‌ಫೋನ್ ಹಾಕಿ. ನೀತಾಳ ಎದೆ ಒಡೆಯುವ ಹೊತ್ತಿಗೆ ಚಾಟಿ ಬೀಸಿದ ಸದ್ದು ಕೇಳುತ್ತದೆ, ಪರದೆಯ ಮೇಲೆ ಚಾಟಿ ಇರೋದಿಲ್ಲ. ಹಾಡುಗಾರ ಅಣ್ಣ ಹಂಸಧ್ವನಿ ರಾಗ ಹಿಡಿಯುತ್ತಾನೆ. 'ವಾತಾಪಿ ಗಣಪತಿಂ' ಕೇಳಿದ ನಮ್ಮ ಕಿವಿಗೆ ಅದು ಹಬ್ಬದ ರಾಗ, ಇಲ್ಲಿ ಅದನ್ನು ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಒಬ್ಬರೇ ನೋಡೋದಕ್ಕಿಂತ ಇಬ್ಬರು ಮೂವರು ಇದ್ದರೆ ಒಳ್ಳೇದು. ಮುಗಿದ ಮೇಲೆ ಯಾರು ದೊಡ್ಡ ನಿರ್ದೇಶಕ ಅನ್ನೋ ವಾದ ಬೇಡ. ಚಹಾ, ಚುರುಮುರಿ ಇಟ್ಟುಕೊಂಡು ಒಬ್ಬೊಬ್ಬರೂ ತಮಗೆ ನೆನಪುಳಿದ ಒಂದೇ ದೃಶ್ಯ ಹೇಳಲಿ, ಸಾಕು.

ಅದರ ಮಾರನೇ ದಿನಕ್ಕೆ ಹಗುರಾದದ್ದು ಒಂದು ಬೇಕು. ಮೃಣಾಲ್ ಸೇನ್ ಅವರ 'ಭುವನ್ ಶೋಮ್' (1969) ಇಟ್ಟುಕೊಳ್ಳಿ. ನಿರ್ದೇಶಕ ಬಂಗಾಳಿ, ಸಿನಿಮಾ ಹಿಂದಿ, ಊರು ಗುಜರಾತಿನದು, ಅವಧಿಯೂ ಚಿಕ್ಕದು. ಬಿಗಿ ಮುಖದ ರೈಲ್ವೆ ಅಧಿಕಾರಿಯೊಬ್ಬ ಹಕ್ಕಿ ಬೇಟೆಗೆ ಹೋಗಿ ಹಳ್ಳಿ ಹುಡುಗಿಯ ಕೈಗೆ ಸಿಗುತ್ತಾನೆ. ಉತ್ಪಲ್ ದತ್ ಅವರನ್ನು ನೋಡಿ ಮನೆಯವರೆಲ್ಲ ನಗುತ್ತಾರೆ. ನಿರೂಪಣೆಯ ದನಿ ಆಗಿನ್ನೂ ಯಾರಿಗೂ ಗೊತ್ತಿರದ ಅಮಿತಾಭ್ ಬಚ್ಚನ್ ಅವರದು. ಕಥೆಯೆಲ್ಲ ಮೊದಲೇ ಹೇಳಿ ಅಂದೆನಲ್ಲ, ಇದೊಂದನ್ನು ಮಾತ್ರ ಹೇಳಬೇಡಿ, ಅವರೇ ಗುರುತು ಹಿಡಿಯಲಿ.