ಫುಲ್, ಡಿಫರೆನ್ಷಿಯಲ್, ಇನ್ಕ್ರಿಮೆಂಟಲ್: ಮೂರನ್ನೂ ಬೆರೆಸಿ ಗೆದ್ದೆ

ತಿಂಗಳಿಗೊಂದು ಫುಲ್ ಬ್ಯಾಕಪ್ (ಎಲ್ಲ ಫೈಲ್‌ಗಳ ಕಾಪಿ), ಭಾನುವಾರ ಡಿಫರೆನ್ಷಿಯಲ್ (ಫುಲ್ ಆದ ಮೇಲೆ ಬದಲಾದದ್ದೆಲ್ಲ), ಉಳಿದ ದಿನ ಇನ್ಕ್ರಿಮೆಂಟಲ್ (ಹಿಂದಿನ ಬ್ಯಾಕಪ್ ಆದ ಮೇಲೆ ಬದಲಾದದ್ದು ಮಾತ್ರ). ಮನೆ ಕಂಪ್ಯೂಟರ್‌ಗೆ ಈ ಏರ್ಪಾಡು ಮಾಡುತ್ತೇನೆ ಅಂದಾಗ ನನ್ನ ಭಾವಮೈದ ನಕ್ಕಿದ್ದ. "ಭಾವ, ಇದೇನು ಬ್ಯಾಂಕಾ? ಕ್ಲೌಡ್‌ಗೆ ಹಾಕಿ ಸುಮ್ನಿರಿ." ಅವನು ಸಾಫ್ಟ್‌ವೇರ್‌ನವನು, ಮನೆಯಲ್ಲಿ ಅವನ ಮಾತಿಗೆ ತೂಕ ಜಾಸ್ತಿ. ಈ ಮಳೆಗಾಲದಲ್ಲಿ ಡೇಟಾ ಇದ್ದ ಡಿಸ್ಕ್ ಸತ್ತಿತು. ಹೊಸದು ತಂದು ಸಂಜೆ ಕೂತೆ, ಊಟದ ಹೊತ್ತಿಗೆ ಎಲ್ಲ ವಾಪಸ್ ಬಂದಿತ್ತು. ಹಿಂದಿನ ರಾತ್ರಿ ಹೆಂಡತಿ ಟ್ಯಾಲಿಯಲ್ಲಿ ಹಾಕಿದ್ದ ಎಂಟ್ರಿಗಳೂ ಸಿಕ್ಕವು. ಈಗ ಬ್ಯಾಕಪ್ ಸ್ಕ್ರಿಪ್ಟ್ (ಕೆಲಸ ತಾನೇ ನಡೆಸುವ ಆದೇಶಗಳ ಫೈಲ್) ಕೊಡಿ ಅಂತ ಭಾವಮೈದನೇ ಹಿಂದೆ ಬಿದ್ದಿದ್ದಾನೆ.

ನಾನು ನೋಡಿದಾಗ ಕ್ಲೌಡ್‌ನಲ್ಲಿ 2 ಟಿಬಿ ಅಂದರೆ ವರ್ಷಕ್ಕೆ ಸುಮಾರು 6,500 ರೂಪಾಯಿ ಇತ್ತು, ಅದೂ ಪ್ರತಿ ವರ್ಷ. 4 ಟಿಬಿ ಯುಎಸ್‌ಬಿ ಡಿಸ್ಕ್‌ಗೆ ಒಂದೇ ಸಲ 9,000ದ ಆಸುಪಾಸು ಕೊಟ್ಟ ನೆನಪು. ಅದಕ್ಕೂ ಮೊದಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡ್‌ನಲ್ಲಿ 1,800ಕ್ಕೆ ಒಂದು ಹಳೇ ಡಿಸ್ಕ್ ತಂದಿದ್ದೆ. "ಸರ್, ಆಫೀಸಲ್ಲಿ ಇಟ್ಟಿದ್ದ ಮಾಲು, ಜಾಸ್ತಿ ಓಡಿಲ್ಲ" ಅಂದಿದ್ದರು ಅಂಗಡಿಯವರು. ಒಂದು ತಿಂಗಳಲ್ಲೇ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) ಕೆಟ್ಟ ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನ ಹಾಳಾದ ಜಾಗಗಳ, ಲೆಕ್ಕ ಏರತೊಡಗಿತು. ಆ ದುಡ್ಡು ಹೋಯಿತು.

ಆಗ ಫುಲ್ ಮೇಲೆ ಬರೀ ಇನ್ಕ್ರಿಮೆಂಟಲ್ ಪೇರಿಸುತ್ತಿದ್ದೆ. ಆ ಡಿಸ್ಕ್‌ನಲ್ಲಿ ನಡುವಿನ ಒಂದು ದಿನದ ಫೈಲ್ ಓದಲು ಬರಲಿಲ್ಲ. ಅಲ್ಲಿಂದ ಮುಂದಿನದರ ಮೇಲೆ ನಂಬಿಕೆ ಇಡುವ ಹಾಗಿಲ್ಲ. ಸರಿ, ದಿನಾ ಡಿಫರೆನ್ಷಿಯಲ್ ಅಂತ ಬದಲಾಯಿಸಿದೆ. ತಿಂಗಳ ಕೊನೆಗೆ ಒಂದೊಂದೂ 25-30 ಜಿಬಿ! ಒಂದೇ ಮದುವೆಯ ಫೋಟೊಗಳನ್ನು ದಿನಾ ಹೊಸದಾಗಿ ಕಾಪಿ ಮಾಡಿದರೆ ಇನ್ನೇನಾಗುತ್ತೆ?

ಮೂರನ್ನೂ ಬೆರೆಸಿದ ಮೇಲೆ ಒಂದನ್ನೊಂದು ನೆಚ್ಚಿದ ಇನ್ಕ್ರಿಮೆಂಟಲ್‌ಗಳ ಸರಪಳಿ ಒಂದು ವಾರಕ್ಕಿಂತ ಉದ್ದ ಬೆಳೆಯುವುದೇ ಇಲ್ಲ. ರೀಸ್ಟೋರ್‌ಗೆ (ಫೈಲ್‌ಗಳನ್ನು ವಾಪಸ್ ತರಲು) ಫುಲ್, ಕೊನೆಯ ಭಾನುವಾರದ್ದು, ಆಮೇಲಿನ ದಿನಗಳದ್ದು, ಅಷ್ಟೆ. ಉಬುಂಟು ಲಿನಕ್ಸ್‌ನಲ್ಲಿರುವ ಟಾರ್ (ಫೈಲ್‌ಗಳನ್ನೆಲ್ಲ ಒಂದೇ ಗಂಟು ಕಟ್ಟುವ ಟೂಲ್) ಸಾಕು, ಕಾಸು ಕೊಡಬೇಕಿಲ್ಲ. ಗುಟ್ಟೆಲ್ಲ ಸ್ನಾರ್ ಫೈಲ್‌ನಲ್ಲಿದೆ, ಅಂದರೆ ಈವರೆಗೆ ಏನೇನು ಬ್ಯಾಕಪ್ ಆಗಿದೆ ಅಂತ ಟಾರ್ ಬರೆದಿಡುವ ಪಟ್ಟಿ. ಪ್ರತಿ ಸಲ ಟಾರ್ ಅದನ್ನು ತಿದ್ದುತ್ತದೆ. ಹಾಗಾಗಿ ಫುಲ್‌ನ ಸ್ನಾರ್ ಅನ್ನು ಮುಟ್ಟಬಾರದು. ಭಾನುವಾರ ಅದರ ಕಾಪಿ ಕೊಟ್ಟರೆ ಡಿಫರೆನ್ಷಿಯಲ್ ಆಗುತ್ತದೆ. ಭಾನುವಾರದ್ದರ ಕಾಪಿಯನ್ನು ವಾರವಿಡೀ ಮುಂದುವರಿಸಿದರೆ ಇನ್ಕ್ರಿಮೆಂಟಲ್.

ಒಂದು ದಿನ ಇದ್ದಕ್ಕಿದ್ದಂತೆ ಇನ್ಕ್ರಿಮೆಂಟಲ್ 400 ಜಿಬಿ ಬಂತು. ಅಂದರೆ ಫುಲ್‌ನಷ್ಟೇ! ಒಂದು ಫೈಲೂ ಬದಲಾಗಿರಲಿಲ್ಲ. ಎರಡು ರಾತ್ರಿ ನಿದ್ದೆ ಕೆಡಿಸಿಕೊಂಡೆ. ಯುಎಸ್‌ಬಿ ಡಿಸ್ಕ್ ಸಿಕ್ಕಿಸಿಕೊಂಡೇ ಬೂಟ್ ಆದಾಗ ಒಳಗಿನ ಡಿಸ್ಕ್‌ನ ಡಿವೈಸ್ ನಂಬರ್ (ಸಿಸ್ಟಂ ಅದಕ್ಕೆ ಕೊಡುವ ಗುರುತಿನ ಸಂಖ್ಯೆ) ಬದಲಾಗಿತ್ತು. ಟಾರ್ ಎಲ್ಲವನ್ನೂ ಹೊಸದು ಅಂದುಕೊಂಡಿತ್ತು. ಆ ನಂಬರ್ ನೋಡಬೇಡ ಎನ್ನುವ 'ನೋ ಚೆಕ್ ಡಿವೈಸ್' ಆಯ್ಕೆ ಹಾಕಿದ ಮೇಲೆ ಮತ್ತೆ ಆ ಕಾಟ ಬಂದಿಲ್ಲ. ಇದನ್ನು ಭಾವಮೈದನ ಆಫೀಸಿನವರು ಯಾರೂ ಹೇಳಲಿಲ್ಲ, ನಾನೇ ಹುಡುಕಿದ್ದು.

ಟ್ಯಾಲಿ ಓಡುವುದು ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಒಳಗಿನ ವಿಂಡೋಸ್‌ನಲ್ಲಿ. ಆ ವಿಂಡೋಸ್‌ನ ಡಿಸ್ಕ್ ಪೂರ್ತಿ ಕೂತಿರುವ ವಿಡಿಐ ಫೈಲ್ 40 ಜಿಬಿ. ಒಂದು ಸಲ ಆನ್ ಮಾಡಿದರೂ ಇಡೀ ಫೈಲ್ ಬದಲಾದ ಲೆಕ್ಕ. ಹಾಗಾಗಿ ಟ್ಯಾಲಿ ಡೇಟಾವನ್ನು ಶೇರ್ಡ್ ಫೋಲ್ಡರ್‌ಗೆ ಹೊರತಂದೆ, ವಿಡಿಐ ಅನ್ನು ದಿನದ ಪಟ್ಟಿಯಿಂದ ಕೈಬಿಟ್ಟೆ. ದಿನದ ಬ್ಯಾಕಪ್ 1 ಜಿಬಿ ಆಚೀಚೆಗೆ ಇಳಿಯಿತು.

ಕಂಪ್ರೆಷನ್ (ಫೈಲ್ ಕುಗ್ಗಿಸುವುದು) ಕೂಡ ನೋಡಿದೆ. ಜೆಪೆಗ್, ವಿಡಿಯೊ ಕುಗ್ಗುವುದಿಲ್ಲ, ಸುಮ್ನೆ ಫ್ಯಾನ್ ಕಿರುಚುತ್ತದೆ. ಮೇಲಾಗಿ ಕುಗ್ಗಿಸುವ ಟೂಲ್ ಜಿಜಿಪ್‌ನಲ್ಲಿ ನಡುವೆ ಒಂದು ಕಡೆ ಕೆಟ್ಟರೆ ಅಲ್ಲಿಂದ ಮುಂದಿನದನ್ನು ಬಿಡಿಸುವುದು ಕಷ್ಟ. ಕಾಪಿ ಮಾಡುವ ಟೂಲ್ ಆರ್‌ಸಿಂಕ್‌ನ ಹಾರ್ಡ್‌ಲಿಂಕ್ ದಾರಿಯೂ (ಬದಲಾಗದ ಫೈಲ್‌ಗೆ ಹೊಸ ಕಾಪಿಯ ಬದಲು ಇನ್ನೊಂದು ಹೆಸರಷ್ಟೇ ಕೊಡುವುದು) ಚೆನ್ನಾಗಿದೆ. ಆದರೆ ನನ್ನ ಯುಎಸ್‌ಬಿ ಡಿಸ್ಕ್ ಆಗ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿತ್ತು, ಅದರಲ್ಲಿ ಹಾರ್ಡ್‌ಲಿಂಕ್ ಇಲ್ಲ.

ಮಳೆ ಬಂದರೆ ನಮ್ಮ ಏರಿಯಾದಲ್ಲಿ ಕರೆಂಟ್ ಹೋಗುವುದು ಗೊತ್ತಿದ್ದದ್ದೇ. 3,000 ಚಿಲ್ಲರೆಯ ಯುಪಿಎಸ್ ಇದೆ. ಅದು ಸಾಲದು ಅಂತ ಬ್ಯಾಕಪ್ ಅನ್ನು ಮೊದಲು ತಾತ್ಕಾಲಿಕ ಹೆಸರಲ್ಲಿ ಬರೆದು, ಮುಗಿದ ಮೇಲಷ್ಟೇ ನಿಜವಾದ ಹೆಸರು ಕೊಡುತ್ತೇನೆ. ಹೊಸ ಸ್ನಾರ್ ಜಾಗಕ್ಕೆ ಬರುವುದೂ ಆಗಲೇ. ಡಿಸ್ಕ್ ಸಿಕ್ಕಿಸಿದ ಕೂಡಲೇ ತಾನೇ ಶುರುವಾಗಿ, ಮುಗಿದಾಗ ತಾನೇ ಅನ್‌ಮೌಂಟ್ ಆಗುವ (ಡಿಸ್ಕ್ ಕಿತ್ತುಕೊಳ್ಳಲು ಸಿದ್ಧವಾಗುವ) ಸ್ಕ್ರಿಪ್ಟ್ ಕೂಡ ಇದೆ. ಅದನ್ನು ಮಾತ್ರ ಕೊಡಲ್ಲ. ಯುಡೆವ್ (ಸಾಧನ ಸಿಕ್ಕಿಸಿದ್ದನ್ನು ಗಮನಿಸುವ ಲಿನಕ್ಸ್‌ನ ಭಾಗ) ಗೊತ್ತಿದ್ದವರಿಗೆ ಇಷ್ಟು ಸುಳಿವು ಸಾಕು, ಅಲ್ವಾ?

ಇನ್ನೊಂದು ಡಿಸ್ಕ್ ಮಲ್ಲೇಶ್ವರದ ಅತ್ತೆ ಮನೆಯಲ್ಲಿದೆ, ಲಕ್ಸ್ ಎನ್‌ಕ್ರಿಪ್ಷನ್ ಹಾಕಿದ್ದು (ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದು). ತಿಂಗಳ ಫುಲ್ ಆದ ಮೇಲೆ ಬನಶಂಕರಿಯಲ್ಲಿ ಹಸಿರು ಮೆಟ್ರೋ ಹತ್ತಿ ಅದಲುಬದಲು ಮಾಡಿಕೊಂಡು ಬರುತ್ತೇನೆ. ಜೊತೆಗೆ ಒಂದು ಕಾಫಿಯೂ ಆಗುತ್ತೆ.

ರೀಸ್ಟೋರ್ ವೇಗ ಸೆಕೆಂಡಿಗೆ ಸುಮಾರು 100 ಎಂಬಿ, ಫುಲ್‌ಗೆ ಒಂದೂಕಾಲು ಗಂಟೆ ಹಿಡಿಯಿತು. ಒಂದು ಎಚ್ಚರ: ಇನ್ಕ್ರಿಮೆಂಟಲ್ ಬಿಡಿಸುವಾಗ, ಆ ದಿನ ಫೋಲ್ಡರ್‌ನಲ್ಲಿ ಇರದ ಫೈಲ್‌ಗಳನ್ನು ಟಾರ್ ಅಳಿಸುತ್ತದೆ. ಖಾಲಿ ಡಿಸ್ಕ್ ಮೇಲೇ ಬಿಡಿಸಿ.

ಸದ್ಯ ವಿಡಿಐಗೆ ಬೋರ್ಗ್ ಎನ್ನುವ ಬ್ಯಾಕಪ್ ಟೂಲ್ ಹಚ್ಚಿ ನೋಡುತ್ತಿದ್ದೇನೆ. ಅದು ಫೈಲನ್ನು ತುಂಡು ಮಾಡಿ, ಬದಲಾದ ತುಂಡುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. 40 ಜಿಬಿ ಇದ್ದದ್ದು ವಾರಕ್ಕೆ 2-3 ಜಿಬಿಯಲ್ಲಿ ಮುಗಿಯುತ್ತಿದೆ. ಫೋಟೊಗಳಿಗೆ ಮಾತ್ರ ಟಾರೇ ಇರಲಿ.